ಪ್ರನಾಳದಲ್ಲಿ ಕಂಡದ್ದು ಪ್ರೋಟೀನೇ?

ಆಹಾರದ ಘಟಕಗಳನ್ನು ಪತ್ತೆ ಮಾಡುವ ಪ್ರಯೋಗಗಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಪರಿಚಿತ. ಆಲೂಗಡ್ಡೆಯ ಹೋಳಿನ ಮೇಲೆ ಎರಡು ಹನಿ ಅಯೊಡೀನ್ ದ್ರಾವಣ ಹಾಕಿದರೆ ಕಡುನೀಲಿ ಬಣ್ಣ, ಅಲ್ಲಿ ಪಿಷ್ಟವಿದೆ. ದ್ರಾಕ್ಷಿ ರಸವನ್ನು ಬೆನೆಡಿಕ್ಟ್ ದ್ರಾವಣದೊಂದಿಗೆ ಕಾಯಿಸಿದರೆ ಇಟ್ಟಿಗೆಗೆಂಪು, ಸಕ್ಕರೆಯಿದೆ. ಮೊಟ್ಟೆಯ ಬಿಳಿ ಲೋಳೆಗೆ ಕ್ಷಾರವನ್ನೂ ಮೈಲುತುತ್ತದ ದ್ರಾವಣವನ್ನೂ ಬೆರೆಸಿದರೆ ನೇರಳೆ, ಪ್ರೋಟೀನ್ ಇದೆ. ಕಡಲೆಬೀಜವನ್ನು ಕಾಗದದ ಮೇಲೆ ಉಜ್ಜಿದರೆ ಎಣ್ಣೆಯ ಕಲೆ, ಕೊಬ್ಬು ಇದೆ. ದಾಖಲೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಮೇಷ್ಟರ ಸಹಿ ಪಡೆದರೆ ಪ್ರಯೋಗ ಮುಗಿಯಿತು.

ಈ ಪರೀಕ್ಷೆಗಳು ಬಂದದ್ದು ಎಲ್ಲಿಂದ? ಇವುಗಳಲ್ಲಿ ಹಲವು ಆಹಾರವನ್ನು ಪರೀಕ್ಷಿಸಲೆಂದು ಹುಟ್ಟಿದವೇ ಅಲ್ಲ. ಒಂದರ ಹಿಂದೆ ಸಿಡಿಮದ್ದಿನ ಕಾರ್ಖಾನೆಯಿದೆ, ಇನ್ನೊಂದರ ಹಿಂದೆ ರೋಗಿಯ ಮೂತ್ರವಿದೆ, ಮತ್ತೊಂದರ ಹಿಂದೆ ಬಿಯರ್ ಪೀಪಾಯಿಯಿದೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. 'ಇದರಲ್ಲಿ ಪ್ರೋಟೀನ್ ಇದೆಯೆ?' ಎಂದು ನಾವು ಕೇಳುತ್ತೇವೆ. ಪರೀಕ್ಷೆ ಉತ್ತರಿಸುವುದು ಬೇರೊಂದು, ಹೆಚ್ಚು ಕಿರಿದಾದ ಪ್ರಶ್ನೆಗೆ. ಎರಡು ಪ್ರಶ್ನೆಗಳ ನಡುವಿನ ಈ ಅಂತರ ಬಹುಪಾಲು ಸಂದರ್ಭಗಳಲ್ಲಿ ನಿರಪಾಯಕಾರಿ. 2008ರಲ್ಲಿ ಚೀನಾದಲ್ಲಿ ಮಾತ್ರ ಅದು ಆರು ಹಸುಗೂಸುಗಳ ಪ್ರಾಣ ತೆಗೆಯಿತು.

ನೀಲಿ ಬಣ್ಣದ ಗುಟ್ಟು

ನೆಪೋಲಿಯನ್ನನ ಯುದ್ಧಗಳ ಕಾಲ. ಫ್ರಾನ್ಸಿನ ಸೈನ್ಯಕ್ಕೆ ಸಿಡಿಮದ್ದು ಬೇಕು, ಸಿಡಿಮದ್ದಿಗೆ ಪೆಟ್ಲುಪ್ಪು ಬೇಕು. ಬರ್ನಾರ್ಡ್ ಕೂರ್ತ್ವಾ ಎಂಬಾತ ಪೆಟ್ಲುಪ್ಪು ತಯಾರಿಕೆಯಲ್ಲಿ ಕಡಲಕಳೆಯ ಬೂದಿಯನ್ನು ಬಳಸುತ್ತಿದ್ದ. 1811ರಲ್ಲಿ ಆ ಬೂದಿಯ ಶೇಷಕ್ಕೆ ಸಲ್ಫ್ಯೂರಿಕ್ ಆಮ್ಲ ಹೆಚ್ಚಾಗಿ ಬಿದ್ದಾಗ ನೇರಳೆ ಬಣ್ಣದ ಆವಿ ಎದ್ದಿತು. ತಣ್ಣನೆಯ ಪಾತ್ರೆಯ ಮೇಲೆ ಅದು ಮಿರುಗುವ ಕಪ್ಪು ಹರಳುಗಳಾಗಿ ಕುಳಿತಿತು. ಅದೇ ಅಯೊಡೀನ್. ಮೂರೇ ವರ್ಷಗಳಲ್ಲಿ, 1814ರಲ್ಲಿ, ಕಾಲಿನ್ ಮತ್ತು ಗೋತಿಯೆ ದ ಕ್ಲೊಬ್ರಿ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಈ ಹೊಸ ಧಾತು ಪಿಷ್ಟದೊಡನೆ ಸೇರಿ ನೀಲಿಯಾಗುವುದನ್ನು ವರದಿ ಮಾಡಿದರು.

ಏಕೆ ನೀಲಿ ಎಂಬುದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ: ಕವಲಿಲ್ಲದ ಅಮೈಲೋಸ್, ಕವಲೊಡೆದ ಅಮೈಲೊಪೆಕ್ಟಿನ್. ಅಮೈಲೋಸಿನ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಸುತ್ತಿಗೆ ಸುಮಾರು ಆರು ಗ್ಲೂಕೋಸ್ ಘಟಕಗಳು. ಆ ಸುರುಳಿಯ ಟೊಳ್ಳಿನೊಳಗೆ ಅಯೊಡೀನ್ ಸಾಲಾಗಿ ಕೂರುವುದರಿಂದ ನೀಲಿ. ಸುರುಳಿಯ ಈ ಕಲ್ಪನೆ ಬಂದದ್ದು 1930ರ ದಶಕದಲ್ಲಿ. ಪ್ರನಾಳವನ್ನು ಕಾಯಿಸಿ ನೋಡಿ, ಬಣ್ಣ ಮಾಯವಾಗುತ್ತದೆ, ಆರಿದಾಗ ಮರಳುತ್ತದೆ. ಪಿಷ್ಟ ಎಲ್ಲಿಗೂ ಹೋಗಿರಲಿಲ್ಲ, ಸುರುಳಿ ಸಡಿಲವಾಗಿತ್ತು, ಅಷ್ಟೆ. ಈಶಾನ್ಯ ಭಾರತದಲ್ಲಿಯೂ ಪೂರ್ವ ಏಷ್ಯಾದಲ್ಲಿಯೂ ಬೆಳೆಯುವ ಅಂಟಕ್ಕಿಯಲ್ಲಿ ಅಮೈಲೋಸ್ ಬಹುಮಟ್ಟಿಗೆ ಇರುವುದೇ ಇಲ್ಲ. ಅದು ಬರೀ ಪಿಷ್ಟದ ಮುದ್ದೆ. ಆದರೂ ಅಯೊಡೀನ್ ಹಾಕಿದರೆ ಬರುವುದು ನೀಲಿಯಲ್ಲ, ಕೆಂಗಂದು. ಅಂದರೆ ಅಯೊಡೀನ್ ಕೇಳುವ ಪ್ರಶ್ನೆ 'ಪಿಷ್ಟ ಇದೆಯೆ?' ಎಂದಲ್ಲ, 'ಉದ್ದನೆಯ ಸುರುಳಿ ಇದೆಯೆ?' ಎಂದು.

ಸಿಹಿಯನ್ನು ಹುಡುಕುತ್ತಾ

ಸಕ್ಕರೆಯ ಪರೀಕ್ಷೆಯ ಮೂಲ ವೈದ್ಯರಲ್ಲಿದೆ. ಮಧುಮೇಹ ಎಂಬ ನಮ್ಮ ಹಳೆಯ ಹೆಸರೇ ಮೂತ್ರದ ಸಿಹಿಯನ್ನು ಹೇಳುತ್ತದೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ರೋಗಿಯ ಮೂತ್ರ ಜೇನಿನಂತೆ ಸಿಹಿ ಎಂದು ಬರೆದ. ಹೇಗೆ ಗೊತ್ತಾಯಿತೆಂದು ಕೇಳಬೇಕಿಲ್ಲ. ಆಗ ಇದ್ದ ಉಪಕರಣ ನಾಲಿಗೆ ಒಂದೇ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಅಂಥ ಮೂತ್ರವನ್ನು ಬತ್ತಿಸಿ ಸಕ್ಕರೆಯಂಥ ಶೇಷವನ್ನು ಪಡೆದ. ನಾಲಿಗೆಗೆ ಬಿಡುವು ಕೊಟ್ಟದ್ದು ತಾಮ್ರ. 1841ರಲ್ಲಿ ಜರ್ಮನಿಯ ಕಾರ್ಲ್ ಟ್ರಾಮರ್ ಮೈಲುತುತ್ತ ಮತ್ತು ಕ್ಷಾರ ಬಳಸಿ ಸಕ್ಕರೆಗಳನ್ನು ಬೇರ್ಪಡಿಸಿ ಗುರುತಿಸುವ ವಿಧಾನ ಕಂಡುಕೊಂಡ. 1849ರಲ್ಲಿ ಹರ್ಮನ್ ಫೆಲಿಂಗ್ ಅದಕ್ಕೆ ಟಾರ್ಟ್ರೇಟ್ ಸೇರಿಸಿ ಪರಿಮಾಣಾತ್ಮಕ ಪರೀಕ್ಷೆಯನ್ನಾಗಿಸಿದ. ಫೆಲಿಂಗ್ ದ್ರಾವಣವನ್ನು ಎರಡು ಸೀಸೆಗಳಲ್ಲಿ ಇಟ್ಟು ಬಳಸುವಾಗಲೇ ಬೆರೆಸಬೇಕು, ಅದರ ಕ್ಷಾರವೂ ಪ್ರಬಲ. 1909ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಟಾರ್ಟ್ರೇಟಿನ ಬದಲು ಸಿಟ್ರೇಟ್, ದಾಹಕ ಕ್ಷಾರದ ಬದಲು ಸೋಡಿಯಂ ಕಾರ್ಬೊನೇಟ್ ಬಳಸಿ, ಒಂದೇ ಸೀಸೆಯಲ್ಲಿ ಬಹುಕಾಲ ಕೆಡದೆ ಉಳಿಯುವ ದ್ರಾವಣ ರೂಪಿಸಿದ. 5 ಮಿಲಿಲೀಟರ್ ದ್ರಾವಣ, 8 ಹನಿ ಮೂತ್ರ, ಒಂದು ಸ್ಪಿರಿಟ್ ದೀಪ. ದಶಕಗಳ ಕಾಲ ಮಧುಮೇಹಿಗಳ ದಿನಚರಿ ಇದಾಗಿತ್ತು. ನೀಲಿ, ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಎಂದು ಬಣ್ಣ ನೋಡಿ ಸಕ್ಕರೆಯ ಪ್ರಮಾಣ ಅಂದಾಜು ಮಾಡುತ್ತಿದ್ದರು.

ಇಲ್ಲಿಯೂ ದ್ರಾವಣಕ್ಕೆ ಸಕ್ಕರೆಯ ಪರಿಚಯವಿಲ್ಲ. ತಾಮ್ರದ ಅಯಾನನ್ನು ಅಪಕರ್ಷಿಸುವ ವಸ್ತು ಯಾವುದಿದ್ದರೂ ಕೆಂಪು ಒತ್ತರ ಬರುತ್ತದೆ. ಹೆಚ್ಚಿನ ಪ್ರಮಾಣದ ಸಿ ಜೀವಸತ್ವವೂ ಅದನ್ನು ಮಾಡಬಲ್ಲದು. ಎದೆಹಾಲೂಡುವ ತಾಯಂದಿರ ಮೂತ್ರದಲ್ಲಿ ಲ್ಯಾಕ್ಟೋಸ್ ಕಾಣಿಸಿಕೊಂಡಾಗ ಅವರಿಗೆ ಮಧುಮೇಹದ ಹಣೆಪಟ್ಟಿ ಅಂಟುವ ಅಪಾಯವಿತ್ತು. ಇನ್ನೊಂದೆಡೆ, ನಾವು 'ಸಕ್ಕರೆ' ಎಂದೇ ಕರೆಯುವ ಅಂಗಡಿಯ ಬಿಳಿ ಸಕ್ಕರೆ, ಅಂದರೆ ಸುಕ್ರೋಸ್, ಈ ಪರೀಕ್ಷೆಗೆ ಜಗ್ಗುವುದಿಲ್ಲ! ಅದರ ಎರಡು ಘಟಕಗಳ ಅಪಕರ್ಷಕ ತುದಿಗಳು ಪರಸ್ಪರ ಬೆಸೆದುಕೊಂಡಿವೆ. ಬೆಲ್ಲದ ನೀರು ಮಾತ್ರ ಕೆಂಪಾಗುತ್ತದೆ. ಕಬ್ಬಿನ ರಸ ಕುದಿಯುವಾಗ ಸುಕ್ರೋಸಿನ ಒಂದು ಭಾಗ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುವುದೂ ಇದಕ್ಕೆ ಕಾರಣ. ಸಕ್ಕರೆ, ಬೆಲ್ಲ ಎರಡನ್ನೂ ಅಕ್ಕಪಕ್ಕದ ಪ್ರನಾಳಗಳಲ್ಲಿಟ್ಟು ತೋರಿಸಿದರೆ ವಿದ್ಯಾರ್ಥಿಗಳು ಈ ಪಾಠವನ್ನು ಮರೆಯಲಾರರು.

ಬೈಯುರೆಟ್ ಇಲ್ಲದ ಬೈಯುರೆಟ್ ದ್ರಾವಣ

ಪ್ರೋಟೀನಿನ ನೇರಳೆ ಬಣ್ಣವನ್ನು 1833ರಲ್ಲಿ ಫರ್ಡಿನಾಂಡ್ ರೋಸ್ ಮೊದಲು ಗಮನಿಸಿದ. 'ಪ್ರೋಟೀನ್' ಎಂಬ ಪದವೇ ಆಗ ಹುಟ್ಟಿರಲಿಲ್ಲ. ಅದು ಮುದ್ರಣಕ್ಕೆ ಬಂದದ್ದು 1838ರಲ್ಲಿ. 1857ರಲ್ಲಿ ಪೋಲೆಂಡಿನ ಪಿಯೊತ್ರೊವ್ಸ್ಕಿ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಕೊಂಡ. ಪರೀಕ್ಷೆಯ ಹೆಸರು ಮಾತ್ರ ಇವರಿಬ್ಬರದೂ ಅಲ್ಲ. ಯೂರಿಯಾವನ್ನು ಹದವಾಗಿ ಕಾಯಿಸಿದರೆ ಎರಡು ಅಣುಗಳು ಸೇರಿ, ಅಮೋನಿಯ ಹೊರಬಿದ್ದು, ಬೈಯುರೆಟ್ ಎಂಬ ಸಂಯುಕ್ತ ಆಗುತ್ತದೆ. ಅದೂ ತಾಮ್ರದೊಡನೆ ಕ್ಷಾರದಲ್ಲಿ ಇದೇ ನೇರಳೆ ಬಣ್ಣ ಕೊಡುತ್ತದೆ. ಹೀಗಾಗಿ ಬೈಯುರೆಟ್ ಪರೀಕ್ಷೆ. ದ್ರಾವಣದಲ್ಲಿ ಬೈಯುರೆಟ್ ಇರುವುದಿಲ್ಲ!

ಇದು ತರಗತಿಯಲ್ಲೇ ಮಾಡಬಹುದಾದ ಪ್ರಯೋಗ. ಒಣ ಪ್ರನಾಳದಲ್ಲಿ ಚಿಟಿಕೆ ಯೂರಿಯಾವನ್ನು ಕರಗುವವರೆಗೆ ಮೆಲ್ಲನೆ ಕಾಯಿಸಿ, ಅಮೋನಿಯದ ವಾಸನೆ ಬಂದು ಮತ್ತೆ ಗಟ್ಟಿಯಾಗಲು ತೊಡಗಿದಾಗ ಆರಿಸಿ, ನೀರಿನಲ್ಲಿ ಕರಗಿಸಿ, ಕ್ಷಾರ ಮತ್ತು ಒಂದೆರಡು ಹನಿ ಮೈಲುತುತ್ತದ ದ್ರಾವಣ ಸೇರಿಸಿ. ನೇರಳೆ ಛಾಯೆ ಕಾಣುತ್ತದೆ. ಪ್ರನಾಳದಲ್ಲಿ ಪ್ರೋಟೀನಿನ ಲವಲೇಶವೂ ಇಲ್ಲ. ತಾಮ್ರ ಹುಡುಕುವುದು ಪ್ರೋಟೀನನ್ನಲ್ಲ, ಪೆಪ್ಟೈಡ್ ಬಂಧದಂಥ ಬಂಧಗಳ ಜೋಡಿಯನ್ನು.

ಬಿಯರ್ ಕಾರ್ಖಾನೆಯ ಉಡುಗೊರೆ

ಇದುವರೆಗೆ ನೋಡಿದ್ದು 'ಇದೆಯೆ, ಇಲ್ಲವೆ' ಎಂದು ಹೇಳುವ ಪರೀಕ್ಷೆಗಳು. ರೈತನಿಗೂ ವ್ಯಾಪಾರಿಗೂ ಬೇಕಾದದ್ದು 'ಎಷ್ಟಿದೆ' ಎಂಬುದು. 1860ರ ಸುಮಾರಿಗೆ ಜರ್ಮನಿಯ ಗಟಿಂಗನ್ ಬಳಿಯ ವೇಂಡೆ ಎಂಬಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ದನದ ಮೇವನ್ನು ವಿಶ್ಲೇಷಿಸುವ ಕ್ರಮವೊಂದನ್ನು ರೂಪಿಸಿದರು. ಒಣಗಿಸಿ ತೇವಾಂಶ, ಸುಟ್ಟು ಬೂದಿ, ಈಥರಿನಲ್ಲಿ ಕರಗಿಸಿ ಕೊಬ್ಬು, ಆಮ್ಲ ಮತ್ತು ಕ್ಷಾರದಲ್ಲಿ ಕುದಿಸಿ ಉಳಿದದ್ದು ನಾರು. ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದರೆ 'ಕಚ್ಚಾ ಪ್ರೋಟೀನ್'. ಇವನ್ನೆಲ್ಲ ನೂರರಿಂದ ಕಳೆದಾಗ ಮಿಕ್ಕಿದ್ದು ಪಿಷ್ಟ, ಸಕ್ಕರೆ ಇತ್ಯಾದಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಾಣುವ ಕಾರ್ಬೊಹೈಡ್ರೇಟಿನ ಅಂಕಿ ಎಷ್ಟೋ ಬಾರಿ ಹೀಗೆ ಕಳೆದು ಬಂದದ್ದೇ, ಅಳೆದು ಬಂದದ್ದಲ್ಲ.

6.25 ಎಲ್ಲಿಂದ ಬಂತು? ಆಗ ತಿಳಿದಿದ್ದ ಪ್ರೋಟೀನುಗಳಲ್ಲಿ ನೈಟ್ರೋಜನ್ ಸುಮಾರು ಶೇ 16. ನೂರನ್ನು 16ರಿಂದ ಭಾಗಿಸಿದರೆ 6.25. ಪಿಷ್ಟದಲ್ಲಾಗಲಿ ಕೊಬ್ಬಿನಲ್ಲಾಗಲಿ ನೈಟ್ರೋಜನ್ ಇಲ್ಲವಾದ್ದರಿಂದ ನೈಟ್ರೋಜನ್ ಇದ್ದಷ್ಟೂ ಪ್ರೋಟೀನಿನದೇ ಎಂಬುದು ಊಹೆ. ಕೆಟ್ಟ ಊಹೆಯೇನಲ್ಲ. ಕಷ್ಟವಿದ್ದದ್ದು ನೈಟ್ರೋಜನ್ ಅಳೆಯುವುದರಲ್ಲಿ. 1830ರ ದಶಕದಲ್ಲಿ ಫ್ರಾನ್ಸಿನ ಡ್ಯೂಮಾ ರೂಪಿಸಿದ್ದ ವಿಧಾನದಲ್ಲಿ ಮಾದರಿಯನ್ನು ಸುಟ್ಟು, ಹೊರಬಂದ ನೈಟ್ರೋಜನ್ ಅನಿಲದ ಗಾತ್ರವನ್ನು ಅಳೆಯಬೇಕಿತ್ತು. ನುರಿತ ಕೈಗೂ ಅದು ತಾಳ್ಮೆಯ ಕೆಲಸ.

ಪರಿಹಾರ ಬಂದದ್ದು ಡೆನ್ಮಾರ್ಕಿನ ಬಿಯರ್ ಕಾರ್ಖಾನೆಯಿಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಒಡೆಯ ಜೇಕಬ್ಸನ್ 1875ರಲ್ಲಿ ಪ್ರಯೋಗಾಲಯವೊಂದನ್ನು ಸ್ಥಾಪಿಸಿದ. ಅಲ್ಲಿನ ಮಹತ್ವದ ಫಲಿತಾಂಶ ಯಾವುದನ್ನೂ ಗುಟ್ಟಾಗಿ ಇಡಕೂಡದು ಎಂದು ಆತ ವಿಧಿಸಿದ್ದ. ವ್ಯಾಪಾರಿಗಳಲ್ಲಿ ಇಂಥ ಔದಾರ್ಯ ಅಪರೂಪ. ಅದರ ರಸಾಯನ ವಿಭಾಗದ ಮುಖ್ಯಸ್ಥ ಯೋಹಾನ್ ಕೆಲ್ಡಾಲ್. ಬಾರ್ಲಿ ಮೊಳೆತು ಮಾಲ್ಟ್ ಆಗುವಾಗ ಅದರ ಪ್ರೋಟೀನು ಏನಾಗುತ್ತದೆ ಎಂದು ತಿಳಿಯಲು ಆತನಿಗೆ ದಿನಕ್ಕೆ ಹಲವು ಮಾದರಿಗಳ ನೈಟ್ರೋಜನ್ ಅಳೆಯಬೇಕಿತ್ತು. ಹಳೆಯ ವಿಧಾನಗಳಿಂದ ಅದು ಅಸಾಧ್ಯ. 1883ರ ಮಾರ್ಚ್ 7ರಂದು ಆತ ತನ್ನ ಹೊಸ ವಿಧಾನವನ್ನು ಡೆನ್ಮಾರ್ಕಿನ ರಸಾಯನ ವಿಜ್ಞಾನಿಗಳ ಸಂಘದ ಮುಂದಿಟ್ಟ.

ಉಪಾಯ ಸರಳ. ಮಾದರಿಯನ್ನು ಪ್ರಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಕಾರ್ಬನ್ ಎಲ್ಲ ಉರಿದುಹೋಗಿ, ನೈಟ್ರೋಜನ್ ಅಮೋನಿಯಂ ಸಲ್ಫೇಟಾಗಿ ಆಮ್ಲದಲ್ಲೇ ಉಳಿಯುತ್ತದೆ. ಆರಿದ ಮೇಲೆ ಕ್ಷಾರ ಬೆರೆಸಿ ಬಟ್ಟಿ ಇಳಿಸಿದರೆ ಅಮೋನಿಯ ಹೊರಬರುತ್ತದೆ. ಅದನ್ನು ಗೊತ್ತಾದ ಪ್ರಮಾಣದ ಆಮ್ಲದಲ್ಲಿ ಹಿಡಿದು ಅನುಮಾಪನ ಮಾಡಿದರೆ ನೈಟ್ರೋಜನ್ ಎಷ್ಟೆಂದು ತಿಳಿಯಿತು. ಉದ್ದ ಕೊರಳಿನ, ಪೇರು ಹಣ್ಣಿನ ಆಕಾರದ ಕೆಲ್ಡಾಲ್ ಫ್ಲಾಸ್ಕುಗಳನ್ನು ಸಾಲಾಗಿ ಜೋಡಿಸಿ ಹಲವು ಮಾದರಿಗಳನ್ನು ಒಟ್ಟಿಗೇ ಕುದಿಸಬಹುದಿತ್ತು. ಮುಂದೆ ಬೇರೆಯವರು ಲೋಹದ ಕ್ರಿಯಾವರ್ಧಕಗಳನ್ನೂ, ಆಮ್ಲದ ಕುದಿಬಿಂದುವನ್ನು ಏರಿಸಲು ಪೊಟ್ಯಾಸಿಯಂ ಸಲ್ಫೇಟನ್ನೂ ಸೇರಿಸಿ ವಿಧಾನವನ್ನು ಚುರುಕುಗೊಳಿಸಿದರು. ಕೆಲವೇ ವರ್ಷಗಳಲ್ಲಿ ಅದು ಎಲ್ಲ ಕೃಷಿ ಪ್ರಯೋಗಾಲಯಗಳಿಗೂ ಹಬ್ಬಿತು. ಕೆಲ್ಡಾಲ್ 1900ರಲ್ಲಿ ತೀರಿಕೊಂಡ. ಆತನ ಸ್ಥಾನಕ್ಕೆ ಬಂದ ಸೋರೆನ್‌ಸೆನ್ 1909ರಲ್ಲಿ ಪಿಎಚ್ ಮಾನಕವನ್ನು ಕೊಟ್ಟ. ಒಂದು ಬಿಯರ್ ಪ್ರಯೋಗಾಲಯದಿಂದ ಇಷ್ಟು ಸಾಕಲ್ಲವೆ?

ಗುಣಕದ ತೊಡಕು ಬೇಗನೆ ಕಾಣಿಸಿತು. ಎಲ್ಲ ಪ್ರೋಟೀನುಗಳಲ್ಲೂ ನೈಟ್ರೋಜನ್ ಶೇ 16 ಅಲ್ಲ. 1931ರಲ್ಲಿ ಅಮೆರಿಕದ ಡಿ. ಬಿ. ಜೋನ್ಸ್ ಪ್ರಕಟಿಸಿದ ಪಟ್ಟಿಯಂತೆ ಹಾಲಿಗೆ 6.38, ಅಕ್ಕಿಗೆ 5.95, ಕಡಲೆಕಾಯಿಗೆ 5.46. ಗೋಧಿ ಹಿಟ್ಟಿಗೆ 5.7. ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ 2 ಗ್ರಾಂ ನೈಟ್ರೋಜನ್ ಇದ್ದರೆ ಒಂದು ಗುಣಕದ ಪ್ರಕಾರ ಪ್ರೋಟೀನ್ 11.4 ಗ್ರಾಂ, ಇನ್ನೊಂದರ ಪ್ರಕಾರ 12.5 ಗ್ರಾಂ. ಹಿಟ್ಟು ಅದೇ, ಪ್ರಯೋಗವೂ ಅದೇ. ರಾಗಿ, ಬೇಳೆಗಳ ಮುಂದೆ ಕೋಷ್ಟಕಗಳಲ್ಲಿ ಕಾಣುವ ಪ್ರೋಟೀನಿನ ಅಂಕಿಗಳೂ ಸಾಮಾನ್ಯವಾಗಿ ಇಂಥ ಗುಣಾಕಾರದ ಫಲ.

ಹಸುಗಳು ಕೊಟ್ಟ ಉತ್ತರ

ವೇಂಡೆಯ ಲೆಕ್ಕವನ್ನು ನಂಬದವರೂ ಇದ್ದರು. ಅಮೆರಿಕದ ವಿಸ್ಕಾನ್ಸಿನ್ನಿನ ಸ್ಟೀಫನ್ ಬ್ಯಾಬ್‌ಕಾಕ್ ಅಂಥವರಲ್ಲೊಬ್ಬ. ಹಾಲಿನ ಕೊಬ್ಬನ್ನು ಆಮ್ಲ ಮತ್ತು ಕೇಂದ್ರಾಪಗಾಮಿ ಯಂತ್ರದಿಂದ ಅಳೆಯುವ ವಿಧಾನವನ್ನು 1890ರಲ್ಲಿ ರೂಪಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ರೈತರಿಗೆ ಬಿಟ್ಟುಕೊಟ್ಟವನು ಆತ. ವೇಂಡೆಯ ಲೆಕ್ಕದಂತೆ ಹೋದರೆ ಕಲ್ಲಿದ್ದಲೂ ಒಳ್ಳೆಯ ಮೇವೇ ಎಂದು ಆತ ಗೇಲಿ ಮಾಡುತ್ತಿದ್ದನೆಂಬ ಕತೆಯಿದೆ.

ಆತನ ಪ್ರೇರಣೆಯಿಂದ 1907ರಲ್ಲಿ ಹಾರ್ಟ್, ಹಂಫ್ರಿ, ಮೆಕಾಲಂ, ಸ್ಟೀನ್‌ಬಾಕ್ ಒಂದು ಪ್ರಯೋಗಕ್ಕೆ ಕೈಹಾಕಿದರು. 16 ಕಡಸುಗಳು, ನಾಲ್ಕು ಗುಂಪು. ಒಂದಕ್ಕೆ ಮೆಕ್ಕೆಜೋಳದ ಗಿಡದಿಂದ ಬಂದದ್ದು ಮಾತ್ರ, ಇನ್ನೊಂದಕ್ಕೆ ಗೋಧಿಯದು, ಮತ್ತೊಂದಕ್ಕೆ ಓಟ್ಸಿನದು, ನಾಲ್ಕನೆಯದಕ್ಕೆ ಮೂರರ ಮಿಶ್ರಣ. ಪ್ರಯೋಗಾಲಯದ ವಿಶ್ಲೇಷಣೆಯಂತೆ ನಾಲ್ಕೂ ಆಹಾರ ಸಮಾನ. ಮೆಕ್ಕೆಜೋಳ ತಿಂದ ಕಡಸುಗಳು ಮೈತುಂಬಿಕೊಂಡು ಗಟ್ಟಿಮುಟ್ಟಾದ ಕರುಗಳನ್ನು ಹಾಕಿದವು. ಗೋಧಿ ತಿಂದವು ಸೊರಗಿದವು. ಅವುಗಳ ಕರುಗಳು ದಿನ ತುಂಬುವ ಮೊದಲೇ ಹುಟ್ಟಿದವು, ಉಳಿಯಲಿಲ್ಲ. 1911ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಳೆದ ಪಟ್ಟಿಯಲ್ಲಿಲ್ಲದ ಏನೋ ಒಂದು ಆಹಾರದಲ್ಲಿದೆ ಎಂದು ಹುಡುಕಹೊರಟ ಮೆಕಾಲಂ, ಮಾರ್ಗರೈಟ್ ಡೇವಿಸ್ ಅವರೊಡನೆ ಇಲಿಗಳ ಮೇಲೆ ಪ್ರಯೋಗ ನಡೆಸಿ, 1913ರಲ್ಲಿ ಬೆಣ್ಣೆ ಮತ್ತು ಮೊಟ್ಟೆಯ ಕೊಬ್ಬಿನಲ್ಲಿರುವ ಬೆಳವಣಿಗೆಯ ಅಂಶವನ್ನು ವರದಿ ಮಾಡಿದ. ನಾವು ಎ ಜೀವಸತ್ವ ಎನ್ನುವುದು ಅದನ್ನೇ.

ಮೆಲಮೀನ್ ಎಂಬ ಸುಳ್ಳು ಪ್ರೋಟೀನ್

ಕೆಲ್ಡಾಲ್ ವಿಧಾನದ ಊಹೆಯನ್ನು ನೆನಪಿಸಿಕೊಳ್ಳಿ: ನೈಟ್ರೋಜನ್ ಇದ್ದಷ್ಟೂ ಪ್ರೋಟೀನಿನದೇ. ಮೋಸಗಾರ ಈ ಊಹೆಯನ್ನು ತಿರುಗಿಸಿ ಓದಿದ: ನೈಟ್ರೋಜನ್ ಹಾಕಿದರೆ ಪ್ರೋಟೀನ್ ಬಂತು!

ಮೆಲಮೀನ್ ಪ್ಲಾಸ್ಟಿಕ್ ತಟ್ಟೆ, ಲ್ಯಾಮಿನೇಟ್ ಹಲಗೆಗಳಿಗೆ ಬಳಸುವ ರಾಳದ ಕಚ್ಚಾವಸ್ತು. ಅದರ ಅಣುವಿನಲ್ಲಿ ಕಾರ್ಬನ್ 3, ಹೈಡ್ರೊಜನ್ 6, ನೈಟ್ರೋಜನ್ 6 ಪರಮಾಣುಗಳಿವೆ. ಅಣುತೂಕ 126ರಲ್ಲಿ ನೈಟ್ರೋಜನಿನ ಪಾಲು 84, ಅಂದರೆ ಮೂರರಲ್ಲಿ ಎರಡು ಭಾಗ. 6.25ರಿಂದ ಗುಣಿಸಿದರೆ ಮೆಲಮೀನಿನಲ್ಲಿ 'ಪ್ರೋಟೀನ್' ಶೇ 416! ಒಂದು ಲೀಟರ್ ನೀರು ಬೆರೆತ ಹಾಲಿಗೆ 1 ಗ್ರಾಂ ಹಾಕಿದರೆ ಪರೀಕ್ಷೆಯಲ್ಲಿ 4 ಗ್ರಾಂಗೂ ಹೆಚ್ಚು ಪ್ರೋಟೀನ್ ಏರುತ್ತದೆ. ಬಿಳಿಯ ಪುಡಿ, ಅಗ್ಗ.

2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತಾಗ ಮೊದಲ ಎಚ್ಚರಿಕೆ ಬಂತು. ಅವುಗಳ ಆಹಾರಕ್ಕೆಂದು ಚೀನಾದಿಂದ ಬಂದ ಗೋಧಿ ಗ್ಲುಟೆನ್ನಿನಲ್ಲಿ ಮೆಲಮೀನ್ ಇತ್ತು. ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಡನೆ ಸೇರಿ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಿತ್ತು. ಅಷ್ಟರಲ್ಲೇ ಹಾಲಿನತ್ತ ನೋಡಬೇಕಿತ್ತು. 2008ರ ಸೆಪ್ಟೆಂಬರಿನಲ್ಲಿ ಚೀನಾದ ಸಾನ್‌ಲು ಕಂಪನಿಯ ಶಿಶು ಆಹಾರದ ಸುದ್ದಿ ಹೊರಬಿತ್ತು. ಸಂಗ್ರಹಣಾ ಕೇಂದ್ರಗಳಲ್ಲಿ ಹಾಲಿಗೆ ನೀರು ಸೇರಿಸಿ, ತಗ್ಗಿದ ನೈಟ್ರೋಜನನ್ನು ಮೆಲಮೀನಿನಿಂದ ತುಂಬಲಾಗಿತ್ತು. ಬೇರೆ ಕಂಪನಿಗಳ ಉತ್ಪನ್ನಗಳಲ್ಲೂ ಅದು ಸಿಕ್ಕಿತು. ಶಿಶುಗಳಲ್ಲಿ ಮೆಲಮೀನ್ ಯೂರಿಕ್ ಆಮ್ಲದೊಡನೆ ಸೇರಿ ಕಲ್ಲುಗಳಾಗಿತ್ತು. ಅಧಿಕೃತ ಲೆಕ್ಕದಂತೆ ಸುಮಾರು 2,94,000 ಮಕ್ಕಳು ಬಾಧಿತರಾದರು, 50,000ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು, ಆರು ಶಿಶುಗಳು ಸತ್ತವು. ಹಾಲುಪುಡಿಯನ್ನೇ ಪೂರ್ಣಾಹಾರವಾಗಿ ಉಣ್ಣುವ ಎಳೆಯರಿಗೆ ಬೇರೆ ಆಯ್ಕೆ ಇರಲಿಲ್ಲ. 2009ರ ನವೆಂಬರಿನಲ್ಲಿ ಇಬ್ಬರಿಗೆ ಮರಣದಂಡನೆಯಾಯಿತು. ಭಾರತ 2008ರ ಸೆಪ್ಟೆಂಬರಿನಲ್ಲೇ ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು. ನಿಷೇಧವನ್ನು ಮುಂದೆ ಹಲವು ಬಾರಿ ವಿಸ್ತರಿಸಿತು. 2010ರಲ್ಲಿ ಕೋಡೆಕ್ಸ್ ಆಯೋಗ ಶಿಶು ಆಹಾರದ ಪುಡಿಯಲ್ಲಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ, ಇತರ ಆಹಾರಗಳಲ್ಲಿ 2.5 ಮಿಲಿಗ್ರಾಂ ಎಂದು ಮಿತಿ ಗೊತ್ತುಪಡಿಸಿತು.

ಈ ಪ್ರಕರಣದಲ್ಲಿ ಕೆಲ್ಡಾಲ್ ವಿಧಾನ ತಪ್ಪು ಹೇಳಿತೆನ್ನಲಾಗದು. ನೈಟ್ರೋಜನ್ ಎಷ್ಟೆಂದು ಕೇಳಿದರು, ಸರಿಯಾಗಿಯೇ ಹೇಳಿತು. ನನಗೆ ಹೆಚ್ಚು ನೋವೆನಿಸುವುದು ಬೇರೆ ಸಂಗತಿ: ಮೋಸವನ್ನು ಹಿಡಿಯುವ ಉಪಾಯ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಹಾಲಿಗೆ ಟ್ರೈಕ್ಲೋರೊ ಅಸಿಟಿಕ್ ಆಮ್ಲ ಬೆರೆಸಿದರೆ ಪ್ರೋಟೀನ್ ಗಟ್ಟಿಯಾಗಿ ಕೆಳಗಿಳಿಯುತ್ತದೆ. ಶೋಧಿಸಿ, ಸೋಸಿಬಂದ ದ್ರವದಲ್ಲಿ ಉಳಿದ ನೈಟ್ರೋಜನನ್ನು ಪ್ರತ್ಯೇಕವಾಗಿ ಅಳೆಯಬಹುದು. ಸಹಜ ಹಾಲಿನಲ್ಲಿ ಅದು ಒಟ್ಟು ನೈಟ್ರೋಜನಿನ ಸುಮಾರು ಶೇ 5-6. ಅದಕ್ಕಿಂತ ಬಹಳ ಹೆಚ್ಚಿದ್ದರೆ ಏನೋ ಬೆರೆತಿದೆ ಎಂದೇ ಅರ್ಥ. ಹೈನು ವಿಜ್ಞಾನಿಗಳಿಗೆ ಈ ವಿಧಾನ 1930ರ ದಶಕದಿಂದ ಗೊತ್ತಿತ್ತು. ಮೆಲಮೀನನ್ನೇ ಹೆಸರಿಡಿದು ಗುರುತಿಸುವ ದ್ರವ ವರ್ಣರೇಖನ ಮತ್ತು ರಾಶಿ ರೋಹಿತಮಾಪಕಗಳ ಬಳಕೆ 2008ರ ನಂತರ ವ್ಯಾಪಕವಾಯಿತು. ಇತ್ತ ಡ್ಯೂಮಾನ ಹಳೆಯ ದಹನ ವಿಧಾನವೇ ಸ್ವಯಂಚಾಲಿತ ಯಂತ್ರವಾಗಿ ಮರಳಿ ಬಂದಿದೆ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುತ್ತದೆ. ಅದು ಅಳೆಯುವುದೂ ನೈಟ್ರೋಜನನ್ನೇ.

ಹಾಲಿನ ಡೈರಿಯ ಮುಂದೆ

ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಲ್ಯಾಕ್ಟೋಮೀಟರ್ ನೋಡದವರಿಲ್ಲ. ಅದು ಅಳೆಯುವುದು ಹಾಲಿನ ಸಾಂದ್ರತೆಯನ್ನು. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು ನೀರನ್ನೂ ಬೆರೆಸಿದರೆ? ಲ್ಯಾಕ್ಟೋಮೀಟರ್ ತೆಪ್ಪಗಿರುತ್ತದೆ. ಹೀಗಾಗಿಯೇ ಕೊಬ್ಬಿನ ಪರೀಕ್ಷೆಯೂ ಜೊತೆಗೆ ಬೇಕಾಯಿತು. ಕೊಬ್ಬಿನ ಹೊರತಾದ ಘನಾಂಶ ಹೆಚ್ಚು ತೋರಲೆಂದು ಯೂರಿಯಾ ಬೆರೆಸುವ ಕೆಟ್ಟ ಚಾಳಿಯೂ ಇದೆ. ಅದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು.

ಪ್ರನಾಳದಲ್ಲಿ 5 ಮಿಲಿಲೀಟರ್ ಹಾಲು ತೆಗೆದುಕೊಂಡು ಅರ್ಧ ಚಮಚ ಸೋಯಾ ಅಥವಾ ತೊಗರಿ ಹಿಟ್ಟು ಹಾಕಿ ಚೆನ್ನಾಗಿ ಕುಲುಕಿ. ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದವನ್ನು ಅರ್ಧ ನಿಮಿಷ ಅದ್ದಿ. ಕಾಗದ ನೀಲಿಗೆ ತಿರುಗಿದರೆ ಯೂರಿಯಾ ಬೆರೆತಿದೆ. ಕಾಳಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ, ಅಮೋನಿಯ ಲಿಟ್ಮಸ್ಸನ್ನು ನೀಲಿ ಮಾಡುತ್ತದೆ. ಹರಳು ರೂಪದಲ್ಲಿ ಪಡೆದ ಮೊದಲ ಕಿಣ್ವವೂ ಇದೇ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅವರೆಯ ಜಾತಿಯ ಒಂದು ಕಾಳಿನಿಂದ ಅದನ್ನು ಪಡೆದ. ಕಾಳನ್ನು ಹುರಿದು ಹಿಟ್ಟು ಮಾಡಿದರೆ ಕಿಣ್ವ ಕೆಟ್ಟುಹೋಗುವುದರಿಂದ ಹಸಿ ಕಾಳಿನ ಹಿಟ್ಟೇ ಆಗಬೇಕು. ಅಕ್ಕಪಕ್ಕದಲ್ಲಿ ಎರಡು ಪ್ರನಾಳಗಳಿರಲಿ: ಒಂದರಲ್ಲಿ ಕಣ್ಣೆದುರೇ ಕರೆದ ಹಾಲು, ಇನ್ನೊಂದರಲ್ಲಿ ಚಿಟಿಕೆ ಯೂರಿಯಾ ಬೆರೆಸಿದ ಅದೇ ಹಾಲು. ಪರೀಕ್ಷಿಸಬೇಕಾದ ಹಾಲನ್ನು ಇವೆರಡರೊಡನೆ ಹೋಲಿಸಿ. ಹಸುವಿನ ಹಾಲಿನಲ್ಲಿ ಸಹಜವಾಗಿಯೇ ಸ್ವಲ್ಪ ಯೂರಿಯಾ ಇರುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮಗಳು ಗೊತ್ತುಪಡಿಸಿದ ಮಿತಿ ಹತ್ತು ಲಕ್ಷ ಭಾಗಕ್ಕೆ 700 ಭಾಗ.